ಗೋಲ್‌ಕೀಪರ್ ಬೋರಲಿಂಗನಿಗೆ ಬಿರುದು ಬಂದ ಬಗೆ

ರಾಜರಿಗೆಲ್ಲ ಯುದ್ಧದ ಮೇಲೆ ಬೇಸರ ಬಂದಿದ್ದ ಒಂದಾನೊಂದು ಕಾಲದಲ್ಲಿ ಕಂದುಕಾವತಿ ಎಂಬ ರಾಜ್ಯವಿತ್ತು. ಅದು ಎಲ್ಲಿತ್ತೆಂದು ಭೂಪಟ ಬಿಡಿಸಿ ಕೂರುವ ಓದುಗರಿಗೆ ಮೊದಲೇ ಅರಿಕೆ ಮಾಡಿಕೊಳ್ಳುತ್ತೇನೆ: ಅದು ಈಗ ಇಲ್ಲ, ಇದ್ದಾಗಲೂ ನಮ್ಮ ಅಕ್ಕಪಕ್ಕದಲ್ಲಿ ಇರಲಿಲ್ಲ. ಆದ್ದರಿಂದ ಯಾರೂ ತಮ್ಮ ಕಡೆಯವರನ್ನು ನೆನೆದು ನೊಂದುಕೊಳ್ಳಬೇಕಾಗಿಲ್ಲ.

ಆ ರಾಜ್ಯವನ್ನು ಶ್ರೀಮನ್ಮಹಾರಾಜ ಜಯಘೋಷವರ್ಮರು ಆಳುತ್ತಿದ್ದರು. ಅವರ ತಾತ ಕೋಟೆಗಳನ್ನು ಗೆದ್ದಿದ್ದರು, ತಂದೆ ಒಂದೆರಡು ಹೊಳೆಗಳನ್ನಾದರೂ ದಾಟಿದ್ದರು. ಜಯಘೋಷವರ್ಮರ ಪಾಲಿಗೆ ಗೆಲ್ಲಲು ಏನೂ ಉಳಿದಿರಲಿಲ್ಲ. ನೆರೆಯ ರಾಜರೆಲ್ಲ ಸೈನಿಕರನ್ನು ಮನೆಗೆ ಕಳಿಸಿ ಕಾಲ್ಚೆಂಡಿನ ತಂಡಗಳನ್ನು ಕಟ್ಟಿಕೊಂಡಿದ್ದರು. ಮಳೆ ನಿಂತ ಮೇಲೆ ಪಂದ್ಯಗಳು ಶುರುವಾಗಿ ಬೇಸಿಗೆಗೆ ಮುಗಿಯುತ್ತಿದ್ದವು. ಕಪ್ ಗೆದ್ದ ರಾಜನ ಪಟವನ್ನು ಉಳಿದ ರಾಜರು ತಮ್ಮ ಆಸ್ಥಾನದಲ್ಲಿ ವರ್ಷವಿಡೀ ತೂಗುಹಾಕಬೇಕು ಎಂಬುದು ಅವರೊಳಗಿನ ಒಪ್ಪಂದ. ಕಂದುಕಾವತಿಯ ಆಸ್ಥಾನದಲ್ಲಿ ಇಷ್ಟು ವರ್ಷವೂ ಪರರಾಜರ ಮೀಸೆಗಳೇ ತೂಗಿದ್ದವು. ಊಟಕ್ಕೆ ಕೂತಾಗ ಆ ಮೀಸೆಗಳು ತಮ್ಮನ್ನೇ ನೋಡುತ್ತವೆಂದು ಮಹಾರಾಜರಿಗೆ ಅನ್ನ ಇಳಿಯುತ್ತಿರಲಿಲ್ಲ.

ತಂಡದ ಹೊಣೆ ಕ್ರೀಡಾಮಾತ್ಯ ಶ್ಲಾಘನಾಚಾರ್ಯರದು. ಗಂಡಸರ ತಂಡಕ್ಕೆ ಅವರು 'ರಾಜಸಿಂಹ' ಎಂದು ಹೆಸರಿಟ್ಟು, ಟಾಸ್ಕ್ ಫೋರ್ಸ್ ರಚಿಸಿ, ಅರ್ಹತೆಯೊಂದನ್ನೇ ನೋಡಿ ಆಟಗಾರರನ್ನು ಆರಿಸಿದರು. ಅಮಾತ್ಯರ ಭಾಮೈದ ಧ್ವಜಸೇನ ನಾಯಕನಾದ, ಏಕೆಂದರೆ ಅಮಾತ್ಯರಿಗೆ ಇದ್ದದ್ದು ಅವನೊಬ್ಬನೇ ಭಾಮೈದ. ಎಡಗಡೆಗೆ ಸೇನಾಪತಿಯ ಅಳಿಯ, ಬಲಗಡೆಗೆ ಕೋಶಾಧಿಕಾರಿಯ ಮಗ. ನಡುವೆ ರಾಜವೈದ್ಯರ ಮೊಮ್ಮಗ; ಅವನಿಗೆ ಉಬ್ಬಸವಿದ್ದುದರಿಂದ ಓಡಬಾರದೆಂದು ತಾತನೇ ಸರ್ಟಿಫಿಕೇಟು ಕೊಟ್ಟಿದ್ದರು. ಗೋಲ್‌ಕೀಪರ್ ಜಾಗಕ್ಕೆ ಮಾತ್ರ ಯಾವ ನೆಂಟನೂ ಮುಂದೆ ಬರಲಿಲ್ಲ. ಅದು ಚೆಂಡು ನೇರವಾಗಿ ಮುಖಕ್ಕೇ ಬರುವ ಜಾಗ. ಹಾಗಾಗಿ ಅಲ್ಲಿಗೆ ಹುಣಸೆಕಟ್ಟೆಯ ಬೋರಲಿಂಗನನ್ನು ಕರೆತಂದರು. ಅವನಿಗೆ ಚೆಂಡು ಹಿಡಿಯಲು ಬರುತ್ತಿತ್ತು. ತಂಡದಲ್ಲಿ ಆ ದೋಷವಿದ್ದವನು ಅವನೊಬ್ಬನೇ.

ಬೋರಲಿಂಗನ ತಂಗಿ ದ್ಯಾವಮ್ಮ ಹೆಂಗಸರ ತಂಡದ ನಾಯಕಿ. ಒಪ್ಪಂದದ ಪ್ರಕಾರ ಪ್ರತಿ ರಾಜ್ಯಕ್ಕೂ ಹೆಂಗಸರ ತಂಡ ಇರಲೇಬೇಕಾಗಿತ್ತು, ಎರಡು ಕಪ್‌ಗಳಿಗೂ ಒಂದೇ ಮರ್ಯಾದೆ. ಕಂದುಕಾವತಿಯ ಬಜೆಟ್ಟಿನಲ್ಲಿ ಈ ತಂಡ 'ಇತರೆ' ಎಂಬ ಶೀರ್ಷಿಕೆಯಡಿ, ಅರಮನೆಯ ಸೊಳ್ಳೆಪರದೆಗೂ ಆನೆಗಳ ಭೇದಿ ಔಷಧಕ್ಕೂ ನಡುವೆ ಬರುತ್ತಿತ್ತು. ರಾಜಸಿಂಹರು ಬಿಸಾಡಿದ ಬೂಟುಗಳಿಗೆ ಬಟ್ಟೆ ತುರುಕಿಕೊಂಡು ಅವರು ಹುಣಸೆಕಟ್ಟೆಯ ಬಯಲಿನಲ್ಲಿ ಆಡುತ್ತಿದ್ದರು. ಊರಿಗೆ ಬಂದಾಗಲೆಲ್ಲ ಬೋರಲಿಂಗ ತಂಗಿಯ ಎದುರು ಗೋಲಿಗೆ ನಿಲ್ಲುತ್ತಿದ್ದ.

"ಬಲಗಾಲು ಎತ್ತಿದ್ರೆ ನಂಗೆ ಮೊದ್ಲೇ ಗೊತ್ತಾಗೋಯ್ತದೆ ಕಣವ್ವ. ಎಡಗಾಲಲ್ಲಿ ಹೊಡಿ" ಎನ್ನುತ್ತಿದ್ದ.

"ಎಡಗಾಲ್ ಬೂಟು ಬಾಯ್ ಬಿಟ್ಟದೆ ಅಣ್ಣಯ್ಯ."

"ಬಿಟ್ಕಳ್ಳಿ ಬಿಡು. ಕಾಲು ನಿಂದು ತಾನೆ."

ಆ ವರ್ಷದ ಮೊದಲ ಪಂದ್ಯ ರಾಜಧಾನಿಯಲ್ಲೇ ನಡೆಯಿತು. ರಾಜಸಿಂಹರು ಏಳು ಗೋಲುಗಳಿಂದ ಸೋತರು. ಬೋರಲಿಂಗ ತಡೆದದ್ದು ಅದಕ್ಕಿಂತ ಹೆಚ್ಚು, ಆದರೆ ಅವನ ಮುಂದೆ ನಿಂತಿದ್ದ ಹತ್ತು ಮಂದಿ ಚೆಂಡು ಬಂದಾಗಲೆಲ್ಲ ಸಭ್ಯರಂತೆ ದಾರಿ ಬಿಡುತ್ತಿದ್ದರು. ಸಂಜೆ ಮಹಾರಾಜರು ಶ್ಲಾಘನಾಚಾರ್ಯರನ್ನು ಕರೆಸಿ ಏನಾಯಿತೆಂದು ಕೇಳಿದರು.

"ಮಹಾಪ್ರಭು, ವೈರಿಯ ಏಳು ಚೆಂಡುಗಳು ನಮ್ಮ ಬಲೆಗೆ ಬಿದ್ದಿವೆ" ಎಂದರು ಆಚಾರ್ಯರು.

"ಅವರ ಬಲೆಗೆ?"

"ಒಂದೂ ಇಲ್ಲ, ಪ್ರಭು."

"ಪಾಪ" ಎಂದರು ಮಹಾರಾಜರು. ಆ ರಾತ್ರಿ ಅವರಿಗೆ ಊಟ ಸೇರಿತು.

ಆದರೆ ರಾಣಿವಾಸದಲ್ಲಿ ಯಾರೋ ಆಟದ ನಿಯಮ ಗೊತ್ತಿದ್ದವರಿದ್ದರು. ಮರುದಿನ ಮಹಾರಾಜರ ಮುಖ ಗಂಟಿಕ್ಕಿತ್ತು. ಶ್ಲಾಘನಾಚಾರ್ಯರು ಕೂಡಲೇ ಚಿಂತನ ಶಿಬಿರ ನಡೆಸಿ, ವಿಷನ್ ಡಾಕ್ಯುಮೆಂಟ್ ಬಿಡುಗಡೆ ಮಾಡಿ, ಎದುರಾಳಿಯ ಗೋಲಿನ ಬಳಿ ಮೊದಲೇ ಹೋಗಿ ಚೆಂಡಿಗೆ ಕಾಯಬಾರದೆನ್ನುವ ಆಫ್‌ಸೈಡ್ ಎಂಬ ನಿಯಮವನ್ನು ರಾಜ್ಯದ ಗಡಿಯೊಳಗೆ ರದ್ದುಪಡಿಸಿದರು. ಸ್ವಂತ ನೆಲದಲ್ಲಿ ಪ್ರಜೆಯೊಬ್ಬ ಎಲ್ಲಿ ನಿಂತರೂ ಅದು ಅವನ ಸ್ವಂತ ಕಡೆಯೇ ಎಂದು ರಾಜಾಜ್ಞೆ ಹೊರಟಿತು. ಮುಂದಿನ ಪಂದ್ಯದಲ್ಲಿ ಧ್ವಜಸೇನ ಆಟ ಶುರುವಾಗುವ ಮುಂಚಿನಿಂದಲೂ ಎದುರಾಳಿಯ ಗೋಲಿನ ಬಾಗಿಲಲ್ಲೇ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ಚೆಂಡು ಅಲ್ಲಿಯವರೆಗೆ ಬರಲಿಲ್ಲ. ಅದರ ಮುಂದಿನ ಪಂದ್ಯ ಪರದೇಶದಲ್ಲಿತ್ತು, ಅಲ್ಲಿ ರಾಜಾಜ್ಞೆ ನಡೆಯಲಿಲ್ಲ. ಸಂಕ್ರಾಂತಿಯ ಹೊತ್ತಿಗೆ ರಾಜಸಿಂಹರು ಕಪ್‌ನಿಂದ ಹೊರಬಿದ್ದು, ದಣಿವಾರಿಸಿಕೊಳ್ಳಲು ಅರಮನೆಯ ಅತಿಥಿಗೃಹ ಸೇರಿದರು. ಅಲ್ಲಿ ಮಧ್ಯಾಹ್ನದ ಒಬ್ಬಟ್ಟಿನೂಟದ ಮೇಲೆ ಬೋರಲಿಂಗನನ್ನುಳಿದು ಎಲ್ಲರಿಗೂ ಒಳ್ಳೆಯ ನಿದ್ದೆ ಬರುತ್ತಿತ್ತು.

ಇತ್ತ ಇತರೆ ತಂಡದ ಹೆಂಗಸರು ತರಕಾರಿ ಗಾಡಿಗಳಲ್ಲಿ ಊರಿಂದೂರಿಗೆ ಹೋಗುತ್ತಿದ್ದರು. ಒಂದು ಗೆದ್ದರು, ಇನ್ನೊಂದು ಗೆದ್ದರು. ಯಾರೂ ಕೇಳಲಿಲ್ಲವಾದ್ದರಿಂದ ಅವರೂ ಹೇಳಲಿಲ್ಲ. ಕೊನೆಯ ಪಂದ್ಯ ಮಂಜರಿಪುರದಲ್ಲಿ, ಆ ರಾಜ್ಯದ ತಂಡದ ಮೇಲೆಯೇ ನಡೆಯಿತು. ಕತ್ತಲಾಗುವ ಹೊತ್ತಿಗೆ ದ್ಯಾವಮ್ಮ ಎಡಗಾಲಲ್ಲಿ ಹೊಡೆದ ಚೆಂಡು ಗೋಲಿನ ಮೂಲೆ ಹೊಕ್ಕಿತು. ಚೆಂಡಿನ ಹಿಂದೆಯೇ ಅವಳ ಬೂಟೂ ಹೋಯಿತು.

ಮಂಜರಿಪುರದ ರಾಯಭಾರಿ ಕಂದುಕಾವತಿಯ ತುಂಬಿದ ಸಭೆಗೆ ಬಂದು ನಡು ಬಗ್ಗಿಸಿ ಹೇಳಿದ: "ತಮ್ಮ ರಾಷ್ಟ್ರೀಯ ತಂಡ ಕಪ್ ಗೆದ್ದಿದೆ. ನಮ್ಮ ದೊರೆ ತಮ್ಮ ಪಟವನ್ನು ಕೇಳಿದ್ದಾರೆ, ತೂಗುಹಾಕಲು."

ಮಹಾರಾಜರು ಸಿಂಹಾಸನದಿಂದ ಅರ್ಧ ಎದ್ದರು. "ಯಾವ ತಂಡ?" ಎಂದು ಮೆಲ್ಲಗೆ ಶ್ಲಾಘನಾಚಾರ್ಯರ ಕಡೆ ಬಾಗಿದರು.

ಆಚಾರ್ಯರಿಗೆ ವಿಷಯ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಅಷ್ಟರಲ್ಲಿ ಭಾಮೈದನ ನೆನಪೂ, ಮನೆಯಲ್ಲಿ ಕಾಯುತ್ತಿರುವ ಹೆಂಡತಿಯ ನೆನಪೂ ಆದವು. "ರಾಷ್ಟ್ರ ಒಂದೇ ಅಲ್ಲವೆ, ಪ್ರಭು? ಹಾಗಿರುವಾಗ ರಾಷ್ಟ್ರೀಯ ತಂಡ ಎರಡು ಹೇಗಾದೀತು? ಒಂದೇ, ಅಖಂಡ. ಅದು ಅತಿಥಿಗೃಹದಲ್ಲಿದೆ."

"ಅಲ್ಲಿಂದಲೇ ಗೆದ್ದರೇನು?"

"ದೂರನಿಯಂತ್ರಣ, ಪ್ರಭು. ಸಿಂಹಗಳ ಸ್ಫೂರ್ತಿ ಗಡಿ ದಾಟಿ ಕೆಲಸ ಮಾಡಿದೆ."

ಮಹಾರಾಜರಿಗೆ ಇದು ತಮ್ಮ ಆಡಳಿತದ ವಿಧಾನವೇ ಆಗಿದ್ದುದರಿಂದ ತಟ್ಟನೆ ಅರ್ಥವಾಯಿತು. ವಿಜಯೋತ್ಸವಕ್ಕೆ ಅಪ್ಪಣೆಯಾಯಿತು. ಕಪ್ ತರಲು ಶ್ಲಾಘನಾಚಾರ್ಯರು ಸ್ವತಃ ಗಡಿ ಠಾಣೆಗೆ ಹೋದರು. ಹೆಂಗಸರು ಆಗ ತಾನೆ ಗಾಡಿಯಿಂದಿಳಿದು ಬುತ್ತಿ ಬಿಚ್ಚುತ್ತಿದ್ದರು. ಕಪ್ ದ್ಯಾವಮ್ಮನ ಮಡಿಲಲ್ಲಿ, ಕಂಬಳಿಯೊಳಗಿತ್ತು.

"ಯಾರಮ್ಮ ನೀವೆಲ್ಲ?"

"ಕಪ್ ಗೆದ್ದು ಬತ್ತಾ ಇದೀವಿ ಸ್ವಾಮಿ. ಹುಣಸೆಕಟ್ಟೆ ದ್ಯಾವಮ್ಮ ಅಂತ, ನಾನೇ ಕ್ಯಾಪ್ಟನ್ನು."

"ಸಂತೋಷ. ಆದರೆ ಇಂಥ ವಸ್ತುವನ್ನು ಕಂಬಳಿಯಲ್ಲಿ ಸುತ್ತಿ ತರುತ್ತಾರೆಯೆ? ಪ್ರೋಟೊಕಾಲ್ ಅಂತ ಒಂದಿದೆ, ಭದ್ರತೆ ಅಂತ ಒಂದಿದೆ. ಇಲ್ಲಿ ಕೊಡಿ, ನಾವು ಜೋಪಾನವಾಗಿ ತಲುಪಿಸುತ್ತೇವೆ."

"ಯಾರಿಗೆ ತಲುಪಿಸ್ತೀರಿ?"

"ಗೆದ್ದವರಿಗೆ."

ಹಾಗಾದರೆ ಸರಿ ಎಂದು ದ್ಯಾವಮ್ಮ ಕಂಬಳಿಯ ಅಂಚಿನಿಂದ ಕಪ್ ಒರೆಸಿ ಕೊಟ್ಟಳು.

ರಾಜಧಾನಿಯ ಹೆಬ್ಬಾಗಿಲಲ್ಲಿ ಕಾವಲಿನವರು ಅವರ ಗಾಡಿಗಳನ್ನು ತಡೆದರು. ವಿಜಯೋತ್ಸವದ ಮೆರವಣಿಗೆ ಇರುವುದರಿಂದ ಸಂಚಾರ ಬಂದ್ ಮಾಡಿದ್ದೇವೆ ಎಂದರು. ಯಾರ ವಿಜಯ ಎಂದು ಒಬ್ಬಳು ಕೇಳಿದ್ದಕ್ಕೆ, ಪಾಸ್ ಇದ್ದವರಿಗೆ ಮಾತ್ರ ಮಾಹಿತಿ ಎಂದರು. ಹೆಂಗಸರು ಹಗ್ಗದಾಚೆ ಜನರ ನಡುವೆ ನಿಂತುಕೊಂಡರು. ಆನೆಯ ಮೇಲೆ ಧ್ವಜಸೇನ ಬಂದ. ಅವನ ಹಿಂದೆ ಉಳಿದ ಸಿಂಹಗಳು ಹೂವಿನ ಗಾಡಿಯಲ್ಲಿ ಕೈಬೀಸುತ್ತ ಬಂದವು. ನಡುವೆ, ಕಪ್ ಹಿಡಿದುಕೊಳ್ಳಲು ಬರುವವನು ಅವನೊಬ್ಬನೇ ಆದ್ದರಿಂದ, ಕಪ್ ಹಿಡಿದುಕೊಂಡು ಬೋರಲಿಂಗ ನಿಂತಿದ್ದ.

ತಂಗಿಯನ್ನು ಕಂಡವನೇ ಅವನು ಕಪ್ಪನ್ನು ಹೆಗಲ ವಸ್ತ್ರದ ಕೆಳಗೆ ಮುಚ್ಚಿಕೊಂಡ. ದ್ಯಾವಮ್ಮ ಅವನನ್ನೇ ನೋಡುತ್ತಿದ್ದಳು. ಅವಳಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಅಣ್ಣನ ಮುಖ ನೋಡಿ ಅಳು. ಗಾಡಿ ಮುಂದಕ್ಕೆ ಹೋಯಿತು. ಅವಳು ಹಗ್ಗದ ಕೆಳಗೆ ನುಸುಳಿ ಮೆರವಣಿಗೆಯ ಹಿಂದೆ ನಡೆದಳು.

ಸಭೆಯಲ್ಲಿ ನಾಲ್ಕು ಮಾತಾಡಲು ಧ್ವಜಸೇನನನ್ನು ಕರೆದರು. ಅವನಿಗೆ ಆನೆಯ ಮೇಲೆ ಕೂತು ತಲೆ ಸುತ್ತಿತ್ತು. ಹಾಗಾಗಿ ಬೋರಲಿಂಗನನ್ನೇ ಮುಂದಕ್ಕೆ ತಳ್ಳಿದರು. ಅವನು ಕಪ್ಪನ್ನು ಮಹಾರಾಜರ ಪಾದದ ಬಳಿ ಇಟ್ಟು ಕೈಮುಗಿದ.

"ಬುದ್ಧೀ, ಇದು ನಮ್ದಲ್ಲ. ನಾವು ಆಡಿದ್ದೆಲ್ಲ ಸೋತ್ಬಿಟ್ವಿ. ಇದನ್ನ ಗೆದ್ದಿದ್ದು ನನ್ ತಂಗಿ, ಅವಳ್ ಜೊತೇಲಿರೋ ಹೆಣ್ಮಕ್ಳು. ಅವತ್ತು ನಾವು ಇಲ್ಲಿ ಒಬ್ಬಟ್ಟು ತಿಂತಾ ಇದ್ವಿ."

ಧ್ವಜಸೇನನ ತಲೆಸುತ್ತು ನಿಂತಿತು. ಸೇನಾಪತಿಯ ಕೈ ಕತ್ತಿಯ ಹಿಡಿಗೆ ಹೋಯಿತು. ಶ್ಲಾಘನಾಚಾರ್ಯರು ಮಾತ್ರ ಕಣ್ಣು ಮುಚ್ಚಿ, ಸಂಗೀತ ಕೇಳುವವರಂತೆ ತಲೆದೂಗುತ್ತಿದ್ದರು.

"ಕೇಳಿಸಿಕೊಂಡಿರಾ ಮಹಾಪ್ರಭು? ಇದಕ್ಕೆ ವಿನಯ ಎನ್ನುತ್ತಾರೆ. ಗೆದ್ದು ನಾನು ಗೆಲ್ಲಲಿಲ್ಲ ಎನ್ನುವವನು ಬೇರೆ ಯಾವ ರಾಜ್ಯದಲ್ಲಿದ್ದಾನೆ?"

ಮಹಾರಾಜರು ಉತ್ತರೀಯದಿಂದ ಕಣ್ಣೊರೆಸಿಕೊಂಡರು.

"ವಿನಯ ಅಲ್ಲ ಬುದ್ಧಿ, ನಿಜ" ಎಂದ ಬೋರಲಿಂಗ.

"ವಿನಯವನ್ನೂ ಒಪ್ಪಿಕೊಳ್ಳದ ವಿನಯ" ಎಂದರು ಆಚಾರ್ಯರು. ಮಹಾರಾಜರು ಅಲ್ಲೇ ಅವನಿಗೆ 'ವಿನಯಸಾಗರ' ಎಂಬ ಬಿರುದು ದಯಪಾಲಿಸಿದರು. ಬಿರುದು ಬೇಡವೆಂದು ಅವನು ತಲೆಯಾಡಿಸಿದಾಗ ಅದನ್ನು 'ವಿನಯಮಹಾಸಾಗರ' ಎಂದು ಮೇಲ್ದರ್ಜೆಗೇರಿಸಿದರು. ಅವನು ಮಾತು ನಿಲ್ಲಿಸಿದ. ಆಸ್ಥಾನಕವಿಗಳು ಆ ಮೌನದ ಮೇಲೆ ಆಗಲೇ ಕಂದಪದ್ಯ ಶುರುಮಾಡಿದ್ದರು.

ಆಗ ಹಿಂದಿನಿಂದ ದ್ಯಾವಮ್ಮ ಮುಂದೆ ಬಂದಳು. "ಅವನ್ ಹೇಳಿದ್ ದಿಟಾನೇ ಬುದ್ಧಿ. ಕೊನೇ ಗೋಲು ನಾನೇ ಹೊಡ್ದಿದ್ದು. ಎಡಗಾಲಲ್ಲಿ. ಅವ್ರ ಗೋಲ್‌ಕೀಪರಮ್ಮ ಬಲಕ್ಕೆ ಹಾರ್ಬಿಟ್ಳು, ಚೆಂಡು ಈ ಕಡೆ ಹೋಯ್ತು."

"ಎಷ್ಟು ಚೆನ್ನಾಗಿ ಹೇಳುತ್ತಾಳೆ" ಎಂದರು ಮಹಾರಾಜರು. "ಯಾರು ಈಕೆ?"

"ವಿನಯಮಹಾಸಾಗರರ ತಂಗಿ, ಪ್ರಭು. ಅಣ್ಣನ ಆಟವನ್ನು ಎಷ್ಟು ತನ್ಮಯಳಾಗಿ ಧ್ಯಾನಿಸಿದ್ದಾಳೆಂದರೆ, ಚೆಂಡು ತನ್ನ ಕಾಲಿಗೇ ತಗುಲಿದಂತೆ ಭಾಸವಾಗಿದೆ." ಆಚಾರ್ಯರು ಸಭೆಯ ಕಡೆ ತಿರುಗಿದರು. "ಕುಟುಂಬ ವ್ಯವಸ್ಥೆ ಇನ್ನೂ ಉಳಿದಿದೆ."

ಅವಳಿಗೆ 'ಸಹೋದರವತ್ಸಲೆ' ಎಂಬ ಬಿರುದೂ, ಅಣ್ಣನಿಗೆ ಆರತಿ ಎತ್ತುವ ಗೌರವವೂ ಸಿಕ್ಕಿದವು. ತಟ್ಟೆ ತಂದು ಕೈಗಿಟ್ಟರು. ದ್ಯಾವಮ್ಮ ಅದನ್ನು ನೆಲಕ್ಕೆ ಹಾಕಿ ಹೋಗಬಹುದಿತ್ತು. ಆದರೆ ಎದುರಿಗೆ ಬೋರಲಿಂಗ, ಹತ್ತು ಗೋಲು ಬಿಟ್ಟವನಂತೆ, ತಲೆ ತಗ್ಗಿಸಿ ನಿಂತಿದ್ದ. ಅವಳು ಆರತಿ ಎತ್ತಿದಳು.

"ನನ್ ಕೈಲಿ ಆಗ್ನಿಲ್ಲ ಕಣವ್ವ" ಎಂದ ಅವನು, ತುಟಿ ಅಲ್ಲಾಡಿಸದೆ.

"ಹೇಳಾದ್ ಹೇಳ್ದೆ. ಕೇಳಾರಿಗೆ ಕಿವಿ ಬ್ಯಾರೆ ಇದ್ರೆ ನೀನೇನ್ ಮಾಡೀಯೆ? ತಲೆ ಎತ್ತು, ಕುಂಕುಮ ಇಡ್ಬೇಕು."

ಜನ ಚಪ್ಪಾಳೆ ತಟ್ಟಿದರು. ಚಪ್ಪಾಳೆಗೆ ಹಾಜರಾತಿ ಹಾಕುತ್ತಿದ್ದರು.

ಅಲ್ಲಿಗೆ ಮುಗಿದಿದ್ದರೆ ಕಂದುಕಾವತಿಯ ಹೆಸರು ಇತಿಹಾಸದಲ್ಲಿ ಉಳಿಯುತ್ತಿರಲಿಲ್ಲ. ಬೋರಲಿಂಗನ ಮಾತು ಮಹಾರಾಜರ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಒಬ್ಬ ಗೋಲ್‌ಕೀಪರನಿಗಿರುವ ವಿನಯ ಎಲ್ಲ ಪ್ರಜೆಗಳಿಗೂ ಏಕಿರಬಾರದು ಎಂದು ಅವರು ಕೇಳಿದರು. ಏಕಿರಬಾರದು ಎಂದು ಆಚಾರ್ಯರೂ ಕೇಳಿದರು. ವಾರದೊಳಗೆ 'ರಾಜ್ಯ ವಿನಯ ಮಿಷನ್' ಜಾರಿಗೆ ಬಂತು. ತಾನು ಮಾಡಿದ ಒಳ್ಳೆಯ ಕೆಲಸವನ್ನು ತನ್ನದೆನ್ನುವುದು ಅಹಂಕಾರ, ಆದ್ದರಿಂದ ದಂಡಾರ್ಹ. ಅಂಥದ್ದನ್ನು ಅರಮನೆಯದು ಎನ್ನತಕ್ಕದ್ದು. ಕೆಟ್ಟದ್ದಾದರೆ ಮಾತ್ರ ಮಾಡಿದವರು ತಮ್ಮ ಹೆಸರು ಹೇಳಬಹುದು, ಅದಕ್ಕೆ ಪೂರ್ಣ ಸ್ವಾತಂತ್ರ್ಯವಿದೆ.

ಜನ ಬೇಗ ಕಲಿತರು. ಹಸು ಕರು ಹಾಕಿದರೆ ಅರಮನೆಯ ಕೃಪೆ ಎಂದರು, ಕರು ಸತ್ತರೆ ನಮ್ಮ ಹಸು ಎಂದರು. ಬಾವಿಯಲ್ಲಿ ನೀರು ಬಿದ್ದರೆ ಅರಮನೆಯದು, ಬೀಳದಿದ್ದರೆ ಅಗೆದವರದು. ಊರೂರಿನ ಆಟದ ಬಯಲುಗಳಿಗೆ ಬೇಲಿ ಹಾಕಿ, ನಡುವೆ ತಲೆ ತಗ್ಗಿಸಿ ನಿಂತ ಗೋಲ್‌ಕೀಪರನ ಪ್ರತಿಮೆ ನಿಲ್ಲಿಸಿದರು. ಪ್ರತಿಮೆಯ ಸುತ್ತ ಹುಲ್ಲಿನ ಮೇಲೆ ಕಾಲಿಡಬಾರದು, ಒದೆಯುವುದಂತೂ ಕೂಡದು. ಹುಣಸೆಕಟ್ಟೆಯದೇ ಎಲ್ಲಕ್ಕಿಂತ ದೊಡ್ಡ ಪ್ರತಿಮೆ. ಹೀಗಾಗಿ ಮರುವರ್ಷ ಹೆಂಗಸರ ತಂಡವಿರಲಿಲ್ಲ, ಇತರೆ ಖಾತೆಯನ್ನು ಸೊಳ್ಳೆಪರದೆಯವರು ಪೂರ್ತಿ ಬಳಸಿಕೊಂಡರು. ರಾಜಸಿಂಹರು ಮೊದಲ ಪಂದ್ಯದಲ್ಲೇ ಸೋತರು. ಅದು ಕೆಟ್ಟದ್ದಾದ್ದರಿಂದ ಕಾನೂನಿನ ಪ್ರಕಾರ ಸೋತದ್ದು ಪ್ರಜೆಗಳು ಎಂದು ತೀರ್ಮಾನವಾಗಿ, ಮನೆಮನೆಗೂ ಸೋಲಿನ ತೆರಿಗೆ ಬಿತ್ತು.

ತೆರಿಗೆಯ ಅಧಿಕಾರಿ ಹುಣಸೆಕಟ್ಟೆಗೆ ಬಂದದ್ದು ಊಟದ ಹೊತ್ತಿಗೆ. ಬಿರುದಾಂಕಿತರ ಮನೆಯೆಂದು ಗೌರವದಿಂದ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದು, ಬೋರಲಿಂಗನ ಪಕ್ಕದಲ್ಲೇ ಎಲೆಯ ಮುಂದೆ ಕೂತರು. ದ್ಯಾವಮ್ಮ ಬಿಸಿ ಮುದ್ದೆ, ಅವರೆಕಾಳಿನ ಸಾರು ಬಡಿಸಿದಳು. ಅಧಿಕಾರಿ ಒಂದು ತುತ್ತು ನುಂಗಿ ಕಣ್ಣರಳಿಸಿದರು.

"ಭೇಷ್. ಯಾರು ಮಾಡಿದ್ದಮ್ಮ ಸಾರು?"

"ಅರಮನೆಯೋರು, ಸ್ವಾಮಿ."

"ಸರಿಯಾಗಿ ಹೇಳಿದಿರಿ." ಅವರು ಇನ್ನೊಂದು ತುತ್ತು ಅದ್ದಿದರು. "ಉಪ್ಪು ಮಾತ್ರ ಒಂಚೂರು ಮುಂದಾಗಿದೆ."

ಬೋರಲಿಂಗ ತಂಗಿಯ ಮುಖ ನೋಡಿದ. ಅವಳು ಸಾರಿನ ಸೌಟು ಹಿಡಿದುಕೊಂಡೇ ನಿಂತಿದ್ದಳು.

"ಅದು ನಂದು ಸ್ವಾಮಿ."

ಅಧಿಕಾರಿ ಎಡಗೈಯಿಂದ ಉಪ್ಪಿಗೆ ದಂಡ ಬರೆದು ರಸೀದಿ ಹರಿದುಕೊಟ್ಟು, ಇನ್ನೊಂದು ಮುದ್ದೆ ಹಾಕಿಸಿಕೊಂಡರು.