ಕೆಂಚನ ಕಡೆ, ಕ್ಲೀನರ್ ಕಡೆ

ಗಾಡಿಗೆ ಇರುವುದು ಎರಡೇ ಪಕ್ಕ. ಚಾಮರಾಜನಗರದಲ್ಲಿ ಡ್ರೈವಿಂಗ್ ಕಲಿಸಿದಷ್ಟು ಕಾಲವೂ ನಾನು ಹೇಳಿದ್ದು ಅದನ್ನೇ, ಜನ ಮರೆತಿದ್ದೂ ಅದನ್ನೇ. ಈ ಎಡಬಲದ ದೆಸೆಯಿಂದ ಹರವೆಯ ರೈತನೊಬ್ಬ ಸ್ವಂತ ಗಾಡಿ ಓಡಿಸಲಾಗದೆ ಕೂತಿದ್ದ. ಅವನ ಕತೆ ಕೊನೆಗೆ ಹೇಳುತ್ತೇನೆ.

ಉಣ್ಣುವ ಕೈ

ಕುದೇರಿನ ಹುಡುಗಿಯೊಬ್ಬಳು ಕಲಿಯಲು ಬರುತ್ತಿದ್ದಳು. ಬಲ ಅಂದರೆ ಗಾಬರಿಯಾಗುತ್ತಿದ್ದಳು. "ಉಣ್ಣೋ ಕೈ ಕಡೆ ತಿರುಗ್ಸಮ್ಮ" ಅಂದೆ. ಸೀದಾ ಎಡಕ್ಕೆ, ಎಳನೀರಿನ ರಾಶಿಯ ಮೇಲೆ ಬಿಟ್ಟಳು. ನನ್ನ ಕಡೆಯ ಬ್ರೇಕ್ ಒತ್ತಿದೆ.

"ಯಾವ ಕೈಲಿ ಉಣ್ಣೋದು ನೀನು?"

"ಎಡಗೈಲಿ ಸಾ. ನಮ್ಮವ್ವ ಎಷ್ಟು ಬಯ್ದ್ರೂ ಬುಡ್ನಿಲ್ಲ."

ಹೆತ್ತ ತಾಯಿಯ ಕೈಲಿ ಆಗದ್ದು ನನ್ನ ಕೈಲಿ ಆದೀತೆ?

ಕ್ಲೀನರ್ ಸೈಡ್

ನಾನು ಮೊದಲು ಲಾರಿಯಲ್ಲಿದ್ದವನು. ಅಲ್ಲಿ ಬಲಗಡೆ ಡ್ರೈವರ್ ಸೈಡ್, ಎಡಗಡೆ ಕ್ಲೀನರ್ ಸೈಡ್. ನಾಲಿಗೆ ಅದಕ್ಕೇ ಒಗ್ಗಿತ್ತು.

ಗುಂಡ್ಲುಪೇಟೆಯ ಮೇಷ್ಟ್ರೊಬ್ಬರು ಹೊಸ ಕಾರು ಕೊಂಡರು. ಕಲಿಸಲು ಹೋದೆ. ಅವರು ಸ್ಟೀರಿಂಗ್ ಹಿಡಿದು ಕೂತಿದ್ದರು. ನಾನು ಹೊರಗೆ ನಿಂತು ನೋಡಿದೆ.

"ಕ್ಲೀನರ್ ಸೈಡ್ ಬಾಗಿಲು ಸರಿಯಾಗಿ ಹಾಕಿಲ್ಲ ಮೇಷ್ಟ್ರೇ."

"ನಮ್ಮಲ್ಲಿ ಕ್ಲೀನರ್ ಇಲ್ವಲ್ಲಪ್ಪ?"

"ಅಲ್ಲಿ ಕೂತವ್ರೇ ಕ್ಲೀನರ್."

ಅಲ್ಲಿ ಕೂತಿದ್ದವರು ಅವರ ಹೆಂಡತಿ. ಇಳಿದು ಸುತ್ತಿ ಬಂದರು. "ಇಳೀರಿ ನೀವು. ಕಾರು ನಾನು ಕಲೀತೀನಿ. ನೀವು ಆ ಕಡೆ ಕೂತು ಗಾಜು ಒರೆಸಿ" ಅಂದರು.

ಆಯಮ್ಮ ಹದಿನೈದು ದಿನಕ್ಕೆ ಕಲಿತರು. ಮೇಷ್ಟ್ರು ಇನ್ನೂ ಕ್ಲೀನರ್.

ರೈಟ್

ಇನ್ನು ಹರವೆಯವನು. ಹುಟ್ಟಾ ಎತ್ತಿನಗಾಡಿ ಹೊಡೆದವನು. ಹೂವು, ಈರುಳ್ಳಿ ಸಾಗಿಸಲು ಒಂದು ಸಣ್ಣ ಗೂಡ್ಸ್ ಗಾಡಿ ತಂದ. ಲೈಸೆನ್ಸ್ ಇಲ್ಲ. ಗಾಡಿ ಅವನ ಭಾಮೈದನ ಕೈ ಸೇರಿತು.

"ನನ್ನ ಗಾಡೀಲಿ ನಾನೇ ಕ್ಲೀನರ್ ಸೈಡು ಕೂತಿವ್ನಿ ಸಾ. ಆರ್ನ್ ಮುಟ್ಟುದ್ರೂ ಕೈ ತೆಗಿ ಭಾವ ಅಂತಾನೆ" ಅಂತ ನನ್ನ ಮುಂದೆ ಅತ್ತ.

ಕಲಿಸಿದೆ. ಟೆಸ್ಟಿನಲ್ಲಿ ಇನ್ಸ್‌ಪೆಕ್ಟರು "ರೈಟ್" ಅಂದರು. ಸೀದಾ ಹೋದ. "ರೈಟ್, ರೈಟ್!" ಅಂತ ಕೂಗಿದರು. ಇನ್ನೂ ಜೋರಾಗಿ ಹೋದ. ಫೇಲು.

"ಯಾಕಯ್ಯಾ?" ಅಂದೆ.

"ಬಸ್ಸಲ್ಲಿ ಕಂಡಕ್ಟ್ರು ರೈಟ್ ರೈಟ್ ಅಂದ್ರೆ ಡ್ರೈವರು ಎಲ್ಲಾರ ತಿರುಗ್ತಾನಾ ಸಾ? ಓಯ್ತಾನೆ ಇರ್ತಾನೆ."

ಇನ್ನೊಂದು ಟೆಸ್ಟಿಗೆ ಅರ್ಜಿ ಬರೆಸಿದೆ.

ಕೆಂಚ

"ಎತ್ತುಗಳ ಹೆಸರೇನು?" ಅಂತ ಕೇಳಿದೆ.

"ಎಡಕ್ಕೆ ಕರಿಯ, ಬಲಕ್ಕೆ ಕೆಂಚ."

"ಇನ್ನು ಎಡಬಲ ಬಿಟ್ಟುಬಿಡು. ಕೆಂಚನ ಕಡೆ ತಿರುಗ್ಸು" ಅಂದೆ. ಬೆಣ್ಣೆಯಂತೆ ಬಲಕ್ಕೆ ತಿರುಗಿಸಿದ. ವಾರವೆಲ್ಲ ಒಂದು ತಪ್ಪಿಲ್ಲ.

ಎರಡನೇ ಟೆಸ್ಟು. ಗಾಡಿ ಹತ್ತುವ ಮುಂಚೆ ಇನ್ಸ್‌ಪೆಕ್ಟರ ಕಿವಿಯಲ್ಲಿ ವಿಷಯ ಹಾಕಿದೆ. ಒಳ್ಳೆಯ ಮನುಷ್ಯ, ಒಪ್ಪಿದರು. ನಾನು ಹಿಂದೆ ಕೂತೆ. ಭಾಮೈದ ಬೇಲಿಯ ಹತ್ತಿರ ಗೂಡ್ಸ್ ಗಾಡಿಯ ಕೀ ಬೆರಳಲ್ಲಿ ತಿರುಗಿಸುತ್ತಾ ನಿಂತಿದ್ದ.

"ಕೆಂಚನ ಕಡೆ ತಿರುಗಪ್ಪ" ಅಂದರು ಇನ್ಸ್‌ಪೆಕ್ಟರು.

ಎಡಕ್ಕೆ ತಿರುಗಿಸಿದ.

ಇನ್ಸ್‌ಪೆಕ್ಟರು ನನ್ನ ಮುಖ ನೋಡಿದರು. ನಾನು ಅವನ ಬುರುಡೆ ನೋಡಿದೆ. "ಏನ್ಲಾ ಇದು?"

"ಕೆಂಚ ಬರೀ ಬಲಕ್ಕೇ ವಾಲ್ತಿದ್ದ ಸಾ. ನೆನ್ನೆಯಿಂದ ಎಡಕ್ಕೆ ಕಟ್ಟಿವ್ನಿ."

ಇನ್ಸ್‌ಪೆಕ್ಟರು ಟೋಪಿ ತೆಗೆದು ಹಣೆ ಒರೆಸಿಕೊಂಡರು. "ಹಾಗಾದರೆ ಇವತ್ತು ಬಲಕ್ಕೆ ಯಾರು?"

"ಕರಿಯ ಸಾ."

ಮೊದಲಿಂದ ಮತ್ತೆ ಟೆಸ್ಟು ಮಾಡಿಸಿದರು. ಕರಿಯ, ಕೆಂಚ, ಕರಿಯ. ಒಂದೂ ತಪ್ಪಲಿಲ್ಲ. ಪಾಸು. ಅವನು ನೇರ ಹೋಗಿ ಭಾಮೈದನ ಬೆರಳಿಂದ ಕೀ ಕಿತ್ತುಕೊಂಡ. "ಗಾಡಿ ಅತ್ತು. ಕ್ಲೀನರ್ ಸೈಡು ಅತ್ತು."

ಇನ್ಸ್‌ಪೆಕ್ಟರು ಸಹಿ ಹಾಕಿ ಪೆನ್ನು ಮುಚ್ಚಲಿಲ್ಲ. ಕಾಗದವನ್ನೇ ನೋಡುತ್ತಾ ಹೇಳಿದರು:

"ಷರತ್ತು ಬರೆಯೋಕೆ ಇದರಲ್ಲಿ ಜಾಗ ಇಲ್ಲ. ನೀವೇ ಅವನಿಗೆ ಹೇಳಿ. ಲೈಸೆನ್ಸ್ ಮುಗಿಯೋವರೆಗೂ ಎತ್ತು ಅದಲುಬದಲು ಮಾಡಕೂಡದು."