ಮರಳಿ ಬರುವ ತಾರೀಕು

ನನ್ನ ಭಾವ ಹೋಗದ ಕಾರ್ಯಾಗಾರ ದುಬೈಯಲ್ಲಿ ಇನ್ನೂ ನಡೆದಿಲ್ಲ! ಸ್ಟಾರ್ಟಪ್ ಕಟ್ಟುವುದು ಹೇಗೆ, ಹೂಡಿಕೆದಾರರ ಮುಂದೆ ಮಾತಾಡುವುದು ಹೇಗೆ, ಮುಳುಗಿದರೆ ಏಳುವುದು ಹೇಗೆ, ಎಲ್ಲಕ್ಕೂ ಹೋಗಿ ಮುಂದಿನ ಸಾಲಿನಲ್ಲಿ ಕೂತು ಬಂದಿದ್ದಾರೆ. ಅವರೇನು ಟೆಕ್ಕಿಯೇ ಎಂದಿರಾ? ಜೆಬೆಲ್ ಅಲಿಯ ಗೋದಾಮೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ಸ್ಟೋರ್ ಕೀಪರ್! ಅವರ ಬ್ಯಾಡ್ಜುಗಳೆಲ್ಲ ಫ್ಲ್ಯಾಟಿನ ಬಾಗಿಲ ಹಿಂದೆ ನೇತಾಡುತ್ತಿದ್ದವು, ಎಲ್ಲದರಲ್ಲೂ ಹೆಸರಿನ ಕೆಳಗೆ 'ಫೌಂಡರ್'. ನನ್ನ ಅಕ್ಕ ಅವುಗಳ ದಾರಗಳನ್ನು ಗಂಟು ಹಾಕಿ ಬಟ್ಟೆ ಒಣಗಿಸುತ್ತಿದ್ದಳು.

ಎಲ್ಲಕ್ಕೂ ಕಾರಣ ಒಂದು ಆ್ಯಪ್. ಇಲ್ಲಿ ಯಾರು ಊರಿಗೆ ಹೊರಟರೂ ಸುದ್ದಿ ತಿಳಿದವರೆಲ್ಲ ಒಂದೊಂದು ಪೊಟ್ಟಣ ತಂದುಕೊಡುತ್ತಾರಲ್ಲ, ತಾಯಿಗೆ ಮುಲಾಮು, ತಂಗಿಗೆ ಸೆಂಟು, ಮಾವನಿಗೆ ಟಾರ್ಚು ಅಂತ? ಅದನ್ನೇ ಭಾವ ಆ್ಯಪ್ ಮಾಡಹೊರಟರು. ಊರಿಗೆ ಹೋಗುವವರು ಹೊರಡುವ ತಾರೀಕು, ಪೆಟ್ಟಿಗೆಯಲ್ಲಿ ಉಳಿದ ಜಾಗ, ಮರಳಿ ಬರುವ ತಾರೀಕು ತುಂಬಬೇಕು. ಹೋಗುವಾಗ ಪೊಟ್ಟಣ ಕಳಿಸಬಹುದು, ಬರುವಾಗ ಉಪ್ಪಿನಕಾಯಿ ತರಿಸಿಕೊಳ್ಳಬಹುದು. ಆಫೀಸು ಮುಗಿಸಿ ಬಂದು ಕೋಡ್ ಬರೆಯುವ ಪುಕ್ಕಟೆ ಕೆಲಸ, ಅವರ ಮನೆಯಲ್ಲೇ ಉಂಡು ಮಲಗುವ ನನ್ನದು.

ಮೊದಲು ಬಳಕೆದಾರರನ್ನು ಮಾತಾಡಿಸಿ ಎಂದು ಕಾರ್ಯಾಗಾರದಲ್ಲಿ ಹೇಳಿದರು. ಭಾವ ಕಂಪನಿ ಬಸ್ಸಿನಲ್ಲೇ ಶುರು ಮಾಡಿದರು. ದುಡಿದು ತೂಕಡಿಸುತ್ತಿದ್ದವರನ್ನು ತಟ್ಟಿ ಎಬ್ಬಿಸಿ, ನಿಮ್ಮ ಕಷ್ಟ ಏನು ಎಂದು ಕೇಳಿದರೆ ಯಾರು ಬಿಡುತ್ತಾರೆ? ಒಬ್ಬರು ಜೆಬೆಲ್ ಅಲಿಯಿಂದ ಮನೆ ಮುಟ್ಟುವವರೆಗೂ ಸೊಂಟನೋವಿನ ಬಗ್ಗೆಯೇ ಹೇಳಿದರಂತೆ. ಭಾವ ಅದನ್ನೂ ಬರೆದುಕೊಂಡು ಬಂದರು.

ಅಬುಧಾಬಿಯ ಸ್ಪರ್ಧೆಯೊಂದರಲ್ಲಿ ತಜ್ಞರ ಮುಂದೆ ಆ್ಯಪ್ ತೋರಿಸುವ ದಿನ ನಾನೂ ಜೊತೆಗಿದ್ದೆ. ಮರಳುವ ತಾರೀಕು ಖಾಲಿ ಬಿಟ್ಟರೆ ಆ್ಯಪ್ ಮುಂದಕ್ಕೇ ಹೋಗುವುದಿಲ್ಲವಲ್ಲ, ಮರಳದವರು ಏನು ಮಾಡಬೇಕು ಎಂದು ಒಬ್ಬ ತಜ್ಞೆ ಕೇಳಿದರು. ಭಾವ ನಕ್ಕುಬಿಟ್ಟರು. ಬಹುಮಾನ ಬರಲಿಲ್ಲ, ಒಂದು ಬಟ್ಟೆಯ ಚೀಲ ಬಂತು.

"ಅವರಿಗೆ ನಮ್ಮ ಜನ ಗೊತ್ತಿಲ್ಲ ಮಾರಾಯ," ಎಂದರು ಬಸ್ಸಿನಲ್ಲಿ. "ರಜೆಗೆ ಹೋದವ ಬಾರದೆ ಎಲ್ಲಿಗೆ ಹೋಗ್ತಾನೆ?"

ಕಳೆದ ತಿಂಗಳು ಗೋದಾಮಿಗೆ ಹೊಸ ಸಾಫ್ಟ್‌ವೇರ್ ಬಂತು. ಮಾಡಿದವರು, ಕಾರ್ಯಾಗಾರವೊಂದರಲ್ಲಿ ಭಾವನ ಪಕ್ಕ ಊಟಕ್ಕೆ ಕೂತಿದ್ದವರೇ. ಗೋದಾಮಿನ ಕೆಲಸವನ್ನೆಲ್ಲ ಅವರಿಗೆ ಬಿಡಿಸಿ ಬಿಡಿಸಿ ಹೇಳಿಕೊಟ್ಟವರು ಭಾವನೇ! ಇನ್ನು ಸ್ಟೋರ್ ಕೀಪರ್ ಬೇಡವೆಂದರು. ಕೆಲಸ ಹೋಯಿತು, ವೀಸಾ ಕ್ಯಾನ್ಸಲ್, ಊರಿಗೆ ಹೊರಡಲೇಬೇಕು, ಖಲಾಸ್. ಅಕ್ಕ ಬಾಗಿಲ ಹಿಂದಿನ ಬ್ಯಾಡ್ಜುಗಳನ್ನು ಬಿಚ್ಚಿ ಪೆಟ್ಟಿಗೆಗೆ ತುಂಬಿದಳು.

ಮೊನ್ನೆ ಭಾವ ಫೋನು ಹಿಡಿದು ನನ್ನ ಬಳಿ ಕೂತರು. ಆ್ಯಪಿನಲ್ಲಿ ತಮ್ಮದೇ ಹೆಸರು ತುಂಬಿದ್ದರು. ಉಳಿದ ಜಾಗ, ಹತ್ತು ಕಿಲೋ. ಇಪ್ಪತ್ತೆರಡು ವರ್ಷದ ಸಂಸಾರ ಕಟ್ಟಿಕೊಂಡು ಹೊರಟ ಮನುಷ್ಯ, ಯಾರದಾದರೂ ಪೊಟ್ಟಣ ಇದ್ದೀತೆಂದು ಹತ್ತು ಕಿಲೋ ಬಿಟ್ಟಿದ್ದರು!

"ಇದು ಮುಂದೆ ಹೋಗುದಿಲ್ಲ ಮಾರಾಯ. ಬರುವ ತಾರೀಕು ಕೇಳ್ತದೆ. ಎಂತ ಹಾಕುದು?"

ಆ ಪ್ರಶ್ನೆಯನ್ನು ತೆಗೆದುಹಾಕಲು ನನಗೆ ಎರಡು ನಿಮಿಷ ಸಾಕಿತ್ತು. ಕೈ ಬರಲಿಲ್ಲ.

"ಯಾವುದಾದ್ರೂ ಒಂದು ಹಾಕಿ ಭಾವ," ಎಂದೆ.

ಕ್ಯಾಲೆಂಡರಿನ ತಿಂಗಳುಗಳನ್ನು ಬೆರಳಲ್ಲಿ ಸರಿಸಿ ಸರಿಸಿ, ಮುಂದಿನ ವರ್ಷದ ಒಂದು ಮಂಗಳವಾರ ಹಾಕಿದರು. ಅವರಿಗೂ ಗೊತ್ತು, ನನಗೂ ಗೊತ್ತು. ಆದರೂ ಆ ಮಂಗಳವಾರಕ್ಕೆ ನಾನು ಆಫೀಸಿನಲ್ಲಿ ಈಗಲೇ ರಜೆ ಕೇಳಿದ್ದೇನೆ. ಕಾರಣ ಎಂದಿದ್ದ ಕಡೆ, ಭಾವನನ್ನು ಕರೆತರಲು ಏರ್‌ಪೋರ್ಟಿಗೆ ಹೋಗಬೇಕು ಎಂದು ಬರೆದಿದ್ದೇನೆ.