ಸುಬ್ರಾಯರ ಸೂರಿನ ಸೌತೆಕಾಯಿ

ಮದ್ರಾಸಿನ ಪುರಸೈವಾಕ್ಕಂನ ಹೋಟೆಲೊಂದರ ಗಲ್ಲಾದಲ್ಲಿ ಕೂರುವ ಸುಬ್ರಾಯರ ಫ್ಲ್ಯಾಟಿಗೆ ಅಂದು ಬೆಳಿಗ್ಗೆ ಊರಿನಿಂದ ಸಾಂಬಾರು ಸೌತೆಕಾಯಿ ಬಂತು. ಒಂದು ಬುಟ್ಟಿ ಬಂದೀತೆಂದು ಕಾದವರಿಗೆ ಟೆಂಪೋ ತುಂಬ ಬಂತು.

ಉಡುಪಿಯ ಕಡೆಯ ಆ ಊರಿನ ಬೆಳೆಗಾರರು, ದಲ್ಲಾಳಿಯ ಮುಂದೆ ಒಬ್ಬೊಬ್ಬರಾಗಿ ತಲೆಬಾಗುವುದನ್ನು ಬಿಟ್ಟು ಈ ವರ್ಷ ಸಹಕಾರ ಸಂಘ ಕಟ್ಟಿಕೊಂಡಿದ್ದರು. ಅಧ್ಯಕ್ಷೆ ಸುಬ್ರಾಯರ ಅಕ್ಕ ರತ್ನಾವತಿ. ಮದ್ರಾಸಿನವರ ನಾಲಗೆಗೆ ಈ ಸೌತೆಯ ರುಚಿ ಹತ್ತಿದರೆ ಸಂಘ ಉಳಿಯುತ್ತದೆ, ಹತ್ತಿಸಲು ತನ್ನ ತಮ್ಮನಿದ್ದಾನೆ ಎಂದು ಆಕೆ ಸಭೆಯಲ್ಲಿ ಮಾತು ಕೊಟ್ಟಿದ್ದಳು. ತಮ್ಮನನ್ನು ಮಾತ್ರ ಕೇಳಿರಲಿಲ್ಲ.

ಒಳಗೆ ಕಾಲಿಡಲು ಜಾಗ ಸಾಲದೆ ಸುಬ್ರಾಯರು, ಊರಿನಲ್ಲಿ ಅಟ್ಟದ ಕೆಳಗೆ ಮಾಡುವಂತೆ, ಒಂದೊಂದು ಕಾಯಿಯನ್ನೂ ಬಾಳೆನಾರಿನಲ್ಲಿ ಹೆಣೆದು ವರಾಂಡದ ಸೂರಿನುದ್ದಕ್ಕೂ ತೂಗಬಿಟ್ಟರು. ಮೊದಲ ಪಂಕ್ತಿಯಲ್ಲಿ ಜಾಗ ಸಿಗದ ಬೀಗರಂತೆ ಅವು ಸಾಲಾಗಿ, ಗಂಭೀರವಾಗಿ ತೂಗಿದವು.

ಎದುರು ಮನೆಯ ಜಯಲಕ್ಷ್ಮಮ್ಮ ಹೊರಬಂದವರೇ ಕೈಮುಗಿದರು. ಕೆಟ್ಟ ಕಣ್ಣು ತಾಗದಿರಲೆಂದು ಬಾಗಿಲಿಗೆ ಕುಂಬಳಕಾಯಿ ತೂಗುವ ಪಟ್ಟಣದಲ್ಲಿ ಮೂರು ತಲೆಮಾರು ಕಳೆದ ಮನೆತನ ಅವರದು.

"ದೃಷ್ಟಿಗೆ ತಾನೇ ಸಾರ್? ನಮ್ಮ ಬಾಗಿಲಿಗೂ ಒಂದು ಕಟ್ಟಿಬಿಡಿ. ರೊಂಬ ಲಕ್ಷಣವಾಗಿದೆ."

"ಅಲ್ಲಮ್ಮ, ಇದು ಹುಳಿ ಮಾಡ್ಲಿಕ್ಕೆ. ತಿನ್ನುವ ಕಾಯಿ."

"ಊರವರ ಕಣ್ಣೆಲ್ಲ ಬಿದ್ದ ಕಾಯಿನ ಯಾರಾದ್ರೂ ತಿಂತಾರಾ ಸಾರ್?"

ಅಷ್ಟರಲ್ಲಿ ಮೇಲಿನ ಮನೆಯ ಮುರಳೀಧರರ ಮಗಳು ರಂಜನಿ ಆ ಕಾಯಿಗಳ ಕೆಳಗೆ ತಲೆತಗ್ಗಿಸಿ ದಾಟುತ್ತಿರುವಾಗಲೇ, ಬಹುಕಾಲದಿಂದ ತೂಗುಯ್ಯಾಲೆಯಲ್ಲಿದ್ದ ಅವಳ ಮದುವೆ ನಿಶ್ಚಯವಾದ ಸುದ್ದಿ ಫೋನಿನಲ್ಲಿ ಬಂತು. ಉಳಿದ ಕೆಲಸವನ್ನು ಜಯಲಕ್ಷ್ಮಮ್ಮನ ನಾಲಗೆ ಮಾಡಿತು. ಮಧ್ಯಾಹ್ನಕ್ಕೆ ಬಾಗಿಲಿಗೊಂದು ಕಾಯಿ ಬೇಕೆಂದು ಬೀದಿಯೇ ಮೆಟ್ಟಿಲೇರಿತು.

ಸುಬ್ರಾಯರು ಸೋಲೊಪ್ಪದೆ ಮಜ್ಜಿಗೆಹುಳಿ ಮಾಡಿ, ಪಾತ್ರೆ ಹಿಡಿದು ಮನೆಮನೆಗೆ ಹೋದರು. ಎಲ್ಲರೂ ಪಾತ್ರೆಗೆ ಭಕ್ತಿಯಿಂದ ನಮಸ್ಕರಿಸಿದರು, ರುಚಿ ನೋಡಿದವರಿಲ್ಲ. ಹೋಟೆಲಿನವರಿಗೂ ದೃಷ್ಟಿ ತೆಗೆದ ಕಾಯಿ ತಿನ್ನುವ ಕಷ್ಟ ಬಂತೇ ಎಂದು ಮುರಳೀಧರರು ಮರುಗಿದರು.

ಸಂಜೆಯೊಳಗೆ ಕೊನೆಯ ಕಾಯಿಯೂ ಮಾರಿಹೋಯಿತು. ಹಿಗ್ಗಿದ ಸುಬ್ರಾಯರು ಒಡನೆಯೇ ಊರಿಗೆ ಸುದ್ದಿ ಕಳುಹಿಸಿ, ಮುಂದಿನ ವಾರಕ್ಕೆ ಎಷ್ಟು ಬೇಕೆಂದು ಜಯಲಕ್ಷ್ಮಮ್ಮನನ್ನು ಕೇಳಿದರು. ಕಟ್ಟಿದ ಕಾಯಿ ಕೊಳೆಯುವ ತನಕ ಹೊಸದು ಕಟ್ಟಬಾರದೆಂಬ ಶಾಸ್ತ್ರವನ್ನು ಅವರು ಮಗುವಿಗೆ ಹೇಳುವಂತೆ ಹೇಳಿದರು. ತೂಗಬಿಟ್ಟ ಸಾಂಬಾರು ಸೌತೆ ತಿಂಗಳುಗಟ್ಟಲೆ ಕೊಳೆಯದು. ಅದರ ಹೆಗ್ಗಳಿಕೆಯೇ ಅದು.

ನಿಜ ಹೇಳಿಬಿಡಬೇಕೆಂದು ಸುಬ್ರಾಯರು ಮರುದಿನ ಅಕ್ಕನಿಗೆ ಫೋನ್ ಮಾಡಿದರು.

"ತಮ್ಮಾ, ಸಂಘ ಬಿಟ್ಟು ಹೋದವರೆಲ್ಲ ವಾಪಸ್ ಬಂದ್ರು ಮಾರಾಯ. ಒಂದೇ ದಿನದಲ್ಲಿ ಖಾಲಿ ಅಂದ್ರೆ ಅಲ್ಲಿನವರಿಗೆ ಎಷ್ಟು ರುಚಿ ಹತ್ತಿರ್ಬೇಕು. ಈ ಸಲ ಇಡೀ ಲಾರಿ ಕಳ್ಸಿದ್ದೇವೆ. ಆಗ್ಲೇ ಘಾಟಿ ಹತ್ತಿತು."

ಹಿಂದೆ ಯಾರೋ ಚಪ್ಪಾಳೆ ತಟ್ಟಿದರು. ಅಕ್ಕ ನಕ್ಕಳು. ಹುಡುಗಿಯಾಗಿದ್ದಾಗಿನ ಆ ನಗುವನ್ನು ಸುಬ್ರಾಯರು ಎಷ್ಟೋ ವರ್ಷಗಳಿಂದ ಕೇಳಿರಲಿಲ್ಲ.

"ಬರ್ಲಿ ಅಕ್ಕ," ಎಂದರು.